ಪ್ರವಾಸದಲ್ಲಿರುವವರ ಪ್ರವಾಸ

ಸಂಸ್ಕೃತದಲ್ಲಿ ‘ಪ್ರವಾಸ’ವೆಂದರೆ ಮನೆಯನ್ನು ಬಿಟ್ಟು ಪರಸ್ಥಳದಲ್ಲಿ ವಾಸಮಾಡುವುದು. ಗಂಡನು ದೇಶಾಂತರಕ್ಕೆ ಹೋಗಿರಲು ಮನೆಯಲ್ಲಿ ದಿನವೆಣಿಸುತ್ತಿರುವ ನಾಯಿಕೆಯನ್ನು ಅಲಂಕಾರಶಾಸ್ತ್ರದವರು ‘ಪ್ರೋಷಿತಭರ್ತೃಕೆ’ ಎಂದು ಕರೆದುದು ಈ ಧಾತುವಿನಿಂದಲೇ. ಕನ್ನಡದಲ್ಲಿ ಆ ಶಬ್ದಕ್ಕೆ ಹಗುರವಾದ ಇನ್ನೊಂದು ಅರ್ಥ ಬಂದು ಸೇರಿಕೊಂಡಿದೆ. ನಾಲ್ಕು ದಿನ ಊರೂರು ತಿರುಗಿ, ದೇವರು ದಿಂಡರನ್ನು ನೋಡಿಕೊಂಡು, ಹಿಂದಿರುಗಿ ಬಂದು ಮನೆಯ ಬೀಗ ತೆಗೆಯುವುದಕ್ಕೂ ನಾವು ಪ್ರವಾಸವೆಂದೇ ಹೇಳುತ್ತೇವೆ. ಒಂದು ಅರ್ಥದ ಪ್ರವಾಸದಲ್ಲಿರುವವರು ಇನ್ನೊಂದು ಅರ್ಥದ ಪ್ರವಾಸಕ್ಕೆ ಹೊರಟರೆ ಹೇಗಿರುತ್ತದೆಂಬುದೇ ಈ ತಿಂಗಳ ನಮ್ಮ ಮಾತು.

ಇದಕ್ಕೆ ನಿಮಿತ್ತವಾದುದು ವಾಚಕಿಯೊಬ್ಬರು ಬರೆದ ಕಾಗದ. ಅವರ ಮಗನೂ ಸೊಸೆಯೂ ಪರದೇಶದಲ್ಲಿದ್ದಾರೆ. ಮೂರು ದಿನ ರಜೆ ಬಂದಿತೆಂದರೆ ಯಾವುದಾದರೊಂದು ಪಟ್ಟಣಕ್ಕೆ ಓಡುತ್ತಾರೆ. ಊರಿಗೆ ಬಾರೆಂದರೆ ಮಾತ್ರ ಪುರಸತ್ತಿಲ್ಲ, ಟಿಕೇಟಿನ ದರ ಹೆಚ್ಚು ಎನ್ನುತ್ತಾರೆ. ಇದು ದುಂದುಗಾರಿಕೆಯಲ್ಲವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆಯ ಕೆಳಗೆ ಇರುವ ಸಂಕಟವು ನಮಗೆ ಅಪರಿಚಿತವಾದುದಲ್ಲ. ನಮ್ಮ ಮಗನೂ ಹನ್ನೆರಡು ವರ್ಷಗಳಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗಣಕಯಂತ್ರದ ಕೆಲಸದಲ್ಲಿದ್ದಾನೆ. 2024ರ ಬೇಸಿಗೆಯಲ್ಲಿ ನಾವೂ ನಮ್ಮ ಮನೆಯವರೂ ಮೂರು ತಿಂಗಳು ಅವನಲ್ಲಿದ್ದು ಬಂದೆವು. ಆಗ ಇಂಥ ಒಂದು ತ್ರಿದಿನಯಾತ್ರೆಯಲ್ಲಿ ಭಾಗಿಗಳಾಗಿದ್ದೆವಾದುದರಿಂದ, ಕಂಡದ್ದನ್ನು ಹೇಳುವ ಅಧಿಕಾರ ನಮಗುಂಟು.

ಮೊದಲು ಆ ರಜೆಯ ಮಾತು. ನಮ್ಮ ಭಾಗದ ಒಕ್ಕಲಿಗರು ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲವೆಂಬುದನ್ನು ವಾಚಕರು ಬಲ್ಲರು. ಅದು ಬಸವಣ್ಣನ ವಾರ. ಆಂಗ್ಲರಲ್ಲಿ ಈ ಸೋಮವಾರದ ಬಿಡುವು ಮನುಷ್ಯರಿಗೆ ಸಿಕ್ಕುವುದಕ್ಕೆ ಒಂದು ಕಾಯಿದೆಯೇ ಬೇಕಾಯಿತು. 1871ರಲ್ಲಿ ಸರ್ ಜಾನ್ ಲಬಕ್ ಎಂಬಾತನು ಪಾರ್ಲಿಮೆಂಟಿನಲ್ಲಿ ಅದನ್ನು ಮಂಜೂರು ಮಾಡಿಸಿದನು. ಬ್ಯಾಂಕುಗಳು ಮುಚ್ಚಿದರೆ ವ್ಯಾಪಾರವೂ ನಿಂತೀತೆಂಬ ಯುಕ್ತಿಯಿಂದ ಅದಕ್ಕೆ ‘ಬ್ಯಾಂಕ್ ಹಾಲಿಡೇ’ ಎಂದು ಹೆಸರಾಯಿತು. ಮೊದಲು ಆಗಸ್ಟಿನ ಮೊದಲನೆಯ ಸೋಮವಾರವಿದ್ದುದು ಈಗ ಕಡೆಯ ಸೋಮವಾರಕ್ಕೆ ಬಂದಿದೆ. ಈ ಲಬಕ್ ಮಹಾಶಯನು ಸ್ವತಃ ಬ್ಯಾಂಕಿನ ಧಣಿ; ಆದರೂ ಪ್ರಾಚೀನ ಮಾನವನ ಕಲ್ಲಿನ ಆಯುಧಗಳ ಹುಚ್ಚು ಹಿಡಿದವನು. ಹಳೆಯ ಶಿಲಾಯುಗ, ಹೊಸ ಶಿಲಾಯುಗ ಎಂಬ ವಿಭಾಗಕ್ಕೆ ಆಂಗ್ಲ ಹೆಸರುಗಳನ್ನು 1865ರಲ್ಲಿ ಕೊಟ್ಟವನೂ ಅವನೇ. ಈ ಸಂಗತಿ ಮುಂದೆ ಒಂದು ಕಡೆ ನಮಗೆ ಬೇಕಾಗುವುದು.

2024ರಲ್ಲಿ ಆ ಸೋಮವಾರವು ಆಗಸ್ಟ್ 26ಕ್ಕೆ ಬಿದ್ದಿತು. ನಮ್ಮ ಲೆಕ್ಕದಲ್ಲಿ ಕ್ರೋಧಿ ಸಂವತ್ಸರದ ನಾಲ್ಕನೆಯ ಶ್ರಾವಣ ಸೋಮವಾರ. ಜೊತೆಗೆ ಕೃಷ್ಣಜನ್ಮಾಷ್ಟಮಿಯೂ ಕೂಡಿ ಬಂದಿದ್ದಿತು. ನಮ್ಮ ಮನೆಯವರಿಗೆ ಅಂದು ಒಪ್ಪತ್ತು. ‘ವ್ರತದ ದಿನ ಪರಊರಿನಲ್ಲಿ ಏನು ಗತಿ?’ ಎಂದು ಅವರು ಮೊದಲು ಒಪ್ಪಲಿಲ್ಲ. ಸೊಸೆಯು ಬುದ್ಧಿವಂತೆ, ಆ ಊರಿನಲ್ಲಿ ರಾಧಾಕೃಷ್ಣ ಮಂದಿರವಿದೆಯೆಂದು ಹುಡುಕಿ ತೋರಿಸಿ, ಅತ್ತೆಯನ್ನು ಒಪ್ಪಿಸಿದಳು. ಎರಡು ದಿನ ಕುಳಿತು ಜೋಳದ ಕಟಿರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳ ಬುತ್ತಿಯೂ ಸಿದ್ಧವಾಯಿತು. ಹೋಗಬೇಕೆಂದಿದ್ದ ಊರು ಲಿವರ್‌ಪೂಲ್. ಆ ಊರನ್ನೇ ಆರಿಸಿದುದಕ್ಕೆ ಮಗನು ಕೊಟ್ಟ ಕಾರಣ ಅಲ್ಲಿಯ ಕಾಲ್ಚೆಂಡಿನ ಮೈದಾನ ಮತ್ತು ಬೀಟಲ್ಸ್ ಎಂಬ ಹಾಡುಗಾರರ ಹೆಸರು. ಊರ ಹೆಸರು ಕಿವಿಗೆ ಬೀಳುತ್ತಲೇ ನಮ್ಮ ಮನಸ್ಸು ಓಡಿದುದು ಬೇರೊಂದು ಕಡೆಗೆ. ಆದರೆ ಆಗ ಸುಮ್ಮನಿದ್ದೆವು.

ಮೂರು ದಿನದ ವಸತಿ, ಬಂಡಿಯ ಬಾಡಿಗೆಗಳನ್ನು ರೂಪಾಯಿಗೆ ತಿರುಗಿಸಿ ನೋಡಿದಾಗ ನಮ್ಮ ಒಂದು ತಿಂಗಳ ನಿವೃತ್ತಿ ವೇತನವನ್ನೂ ಮೀರಿದ್ದಿತು. ಹೀಗೆ ತಿರುಗಿಸಿ ನೋಡುವುದನ್ನು ಪರದೇಶದಲ್ಲಿ ಮಕ್ಕಳ ಮನೆಗೆ ಹೋದ ತಂದೆತಾಯಿಗಳು ಮೊದಲ ವಾರದಲ್ಲಿಯೇ ಬಿಟ್ಟುಬಿಡುವುದು ಆರೋಗ್ಯಕ್ಕೆ ಒಳ್ಳೆಯದು. ನಾವು ಬಿಡಲಿಲ್ಲ.

ಮ್ಯಾಂಚೆಸ್ಟರಿನ ವಿಕ್ಟೋರಿಯಾ ನಿಲ್ದಾಣದಲ್ಲಿ ಶನಿವಾರ ಬೆಳಿಗ್ಗೆ ಉಗಿಬಂಡಿಯನ್ನು ಹತ್ತಿದೆವು. ಉಗಿಯು ಎಂದೋ ಹೋಗಿದೆ, ಹೆಸರು ನಮ್ಮ ಬಾಯಿಯಲ್ಲಿ ಉಳಿದಿದೆ. ಈ ದಾರಿ ಸಾಮಾನ್ಯವಾದುದಲ್ಲ. ಎರಡು ದೊಡ್ಡ ಪಟ್ಟಣಗಳ ನಡುವೆ ಉಗಿಯಂತ್ರದ ಬಲದಿಂದಲೇ ಜನರನ್ನು ವೇಳಾಪಟ್ಟಿಯಂತೆ ಒಯ್ದ ಪ್ರಪಂಚದ ಮೊದಲನೆಯ ರೈಲು ಮಾರ್ಗವಿದು. 1830ರ ಸೆಪ್ಟೆಂಬರ್ 15ರಂದು ತೆರೆಯಿತು. ದಾರಿಯಲ್ಲಿ ಚಾಟ್ ಮಾಸ್ ಎಂಬ ವಿಸ್ತಾರವಾದ ಜೌಗು ಭೂಮಿ ಬರುತ್ತದೆ. ಎಷ್ಟು ಮಣ್ಣು ಹಾಕಿದರೂ ನುಂಗಿಬಿಡುತ್ತಿದ್ದ ಆ ಕೆಸರಿನ ಮೇಲೆ ಜಾರ್ಜ್ ಸ್ಟೀವನ್‌ಸನ್ನನು ಕಟ್ಟಿಗೆ ತಡಿಕೆಗಳನ್ನೂ ಪೊದೆಗಳನ್ನೂ ಹಾಸಿ, ತೆಪ್ಪದಂತೆ ತೇಲುವ ಹಾದಿಯನ್ನು ಮಾಡಿದನು. ಇಂದಿಗೂ ಬಂಡಿ ಅದರ ಮೇಲೆಯೇ ಓಡುತ್ತದೆ. ನಮ್ಮ ಗುರುಮಠಕಲ್ಲಿಗೆ ಇನ್ನೂ ರೈಲಿಲ್ಲ, ಯಾದಗಿರಿಗೆ ಹೋಗಿಯೇ ಹತ್ತಬೇಕು ಎಂಬುದನ್ನು ಮೊಮ್ಮಗಳಿಗೆ ಹೇಳಿದೆವು. ಅವಳು, ‘ಮುತ್ಯಾ, ನಿಮ್ಮೂರಾಗ ಕೆಸರ ಭಾಳ ಅದ ಏನು?’ ಎಂದಳು. ‘ನಿಮ್ಮೂರು’ ಎಂಬ ಮಾತು ನಮ್ಮ ಕಿವಿಯಲ್ಲಿ ನಿಂತಿತು.

ಆ ದಾರಿಯನ್ನು ಹಾಕಿದುದು ಮುಖ್ಯವಾಗಿ ಹತ್ತಿಗಾಗಿ. ಲಿವರ್‌ಪೂಲಿನಲ್ಲಿ ಹಡಗಿನಿಂದಿಳಿದ ಹತ್ತಿಯ ಅಂಡಿಗೆಗಳು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹೋಗಬೇಕು, ಗಿರಣಿಯ ಬಟ್ಟೆ ಮರಳಿ ಹಡಗನ್ನೇರಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ, ನಮ್ಮ ಧಾರವಾಡ ಸೀಮೆಯ ಹತ್ತಿ ಮುಂಬಯಿಯ ಮೂಲಕ ಇದೇ ರೇವಿಗೆ ಬಂದು ಬಿದ್ದಿತು. ಬಟ್ಟೆ ಮಾತ್ರ ಅದಕ್ಕೆ ಬಹಳ ಮೊದಲಿನಿಂದಲೂ ನಮ್ಮ ಕಡೆಗೆ ಹರಿದು, ನಮ್ಮ ನೇಕಾರರ ಮಗ್ಗದ ಕುಣಿಗಳಲ್ಲಿ ಧೂಳು ತುಂಬಿಸಿತು.

ಊರನ್ನು ಸೇರಿ, ಸಾಮಾನನ್ನು ವಸತಿಯಲ್ಲಿಟ್ಟು, ಮರ್ಸಿ ನದಿಯ ದಂಡೆಗೆ ಹೋದೆವು. ಅಲ್ಲಿ 1911ರಲ್ಲಿ ಕಟ್ಟಿದ ರಾಯಲ್ ಲಿವರ್ ಎಂಬ ಎತ್ತರದ ಸೌಧದ ಎರಡು ಗೋಪುರಗಳ ಮೇಲೆ ತಾಮ್ರದ ಎರಡು ಪಕ್ಷಿಗಳಿವೆ. ಅದು ಯಾವ ಪಕ್ಷಿಯೆಂದು ಪಕ್ಷಿಶಾಸ್ತ್ರಜ್ಞರೂ ಹೇಳಲಾರರು. ನಮ್ಮ ಗಂಡಭೇರುಂಡದ ಜಾತಿಗೆ ಸೇರಿದುದು, ಅಂದರೆ ಮನುಷ್ಯನ ಕಲ್ಪನೆಯಲ್ಲಿ ಮಾತ್ರ ಮೊಟ್ಟೆಯಿಡುವಂಥದು. ಮೊಮ್ಮಗಳಿಗೆ ಇದು ಬಹಳ ರುಚಿಸಿತು. ಸಮೀಪದ ಆಲ್ಬರ್ಟ್ ಡಾಕ್ ಎಂಬ ಹಡಗುಕಟ್ಟೆ 1846ರದು. ಮರವನ್ನು ಬಳಸದೆ, ಬೆಂಕಿ ತಗುಲಬಾರದೆಂದು ಇಟ್ಟಿಗೆ, ಕಲ್ಲು, ಕಬ್ಬಿಣಗಳಿಂದಲೇ ಕಟ್ಟಿದ ಕೋಠಿಗಳು. ಈ ದಂಡೆಯನ್ನು 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದರು. ಹೊಸ ಕಟ್ಟಡಗಳು ಎದ್ದು ಹಳೆಯ ರೂಪ ಕೆಟ್ಟಿತೆಂದು 2021ರಲ್ಲಿ ತೆಗೆದುಹಾಕಿದರು. ಬೀಟಲ್ಸರ ಬೀದಿಯನ್ನೂ ನೋಡಿದೆವು. ಅವರಲ್ಲಿ ಜಾರ್ಜ್ ಹ್ಯಾರಿಸನ್ ಎಂಬವನು 1966ರಲ್ಲಿ ನಮ್ಮ ರವಿಶಂಕರರಲ್ಲಿ ಸಿತಾರ್ ಕಲಿತನೆಂಬುದಷ್ಟೇ ನಮಗೆ ಅಲ್ಲಿ ಹಿತವೆನಿಸಿದ ಸಮಾಚಾರ. ಉಳಿದುದನ್ನು ಬಲ್ಲವರು ಬರೆದಾರು.

ಆ ಹಡಗುಕಟ್ಟೆಯಲ್ಲಿ ಗುಲಾಮಗಿರಿಯ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯವಿದ್ದಿತು. 2007ರಲ್ಲಿ ತೆರೆದ ಅದನ್ನು 2025ರ ಆರಂಭದಲ್ಲಿ ನವೀಕರಣಕ್ಕಾಗಿ ಮುಚ್ಚಿದ್ದಾರೆ. ನಮಗೆ ನೋಡುವ ಯೋಗವಿದ್ದಿತು. ಆಫ್ರಿಕದಿಂದ ಸುಮಾರು ಹದಿನೈದು ಲಕ್ಷ ಜನರನ್ನು ಈ ಊರಿನ ಹಡಗುಗಳೇ ಸಂಕೋಲೆ ಹಾಕಿ ಸಾಗಿಸಿದುವೆಂದು ಅಲ್ಲಿಯವರೇ ಲೆಕ್ಕ ಹಾಕಿದ್ದಾರೆ. 1807ರಲ್ಲಿ ಕಾಯಿದೆಯು ಆ ವ್ಯಾಪಾರವನ್ನು ನಿಲ್ಲಿಸಿತು. ನಗರಸಭೆಯು 1999ರಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿತು. ತಮ್ಮ ಊರ ಪಾಪವನ್ನು ತಾವೇ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪ್ರವೇಶಕ್ಕೆ ಕಾಸನ್ನೂ ಕೇಳದೆ ಮಕ್ಕಳಿಗೆ ತೋರಿಸುವುದು ಸಣ್ಣ ಮಾತಲ್ಲ. ನಮ್ಮ ಹಳ್ಳಿಗಳಲ್ಲಿ ಜೀತವಿದ್ದುದನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆಂದು ಯೋಚಿಸುತ್ತ ನಾವು ಹೊರಗೆ ಬಂದೆವು. ಮಗು ಮಾತನಾಡದೆ ನಮ್ಮ ಕೈ ಹಿಡಿದುಕೊಂಡಿದ್ದಿತು.

ಮರುದಿನ ಮರ್ಸಿ ನದಿಯ ಹಡಗಿನಲ್ಲಿ ಕುಳಿತೆವು. ಭೀಮೆಯಲ್ಲಿ ಹರಿಗೋಲು ಏರಿದವರಿಗೆ ಇದು ನದಿಯೆನಿಸುವುದಿಲ್ಲ, ಸಮುದ್ರದ ತೋಳು. ಅಲ್ಲಿ ನಾವು ಹಿಂದಿನ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಕಥೆಯನ್ನು ತೆಗೆದೆವು.

ಆ ವ್ಯಾಪಾರ ನಿಂತ ಮರುವರ್ಷ, 1808ರ ಸೆಪ್ಟೆಂಬರಿನಲ್ಲಿ, ಈ ಊರಿನ ವರ್ತಕನೊಬ್ಬನಿಗೆ ಮಗನು ಹುಟ್ಟಿದನು. ಫಿಲಿಪ್ ಮೆಡೋಸ್ ಟೇಲರ್ ಎಂದು ಹೆಸರು. ತಂದೆಯ ವ್ಯಾಪಾರ ಇಳಿಮುಖವಾದ್ದರಿಂದ ಹದಿನೈದು ವರ್ಷದ ಹುಡುಗನನ್ನು ಮುಂಬಯಿಯ ಒಬ್ಬ ವರ್ತಕನಲ್ಲಿ ಗುಮಾಸ್ತನಾಗಿರಲು ಹಡಗು ಹತ್ತಿಸಿದರು. ಹೋಗಿ ನೋಡಿದರೆ ಆ ವರ್ತಕನೇ ಸಾಲದಲ್ಲಿ ಮುಳುಗಿದ್ದನು. ಬಂಧುವೊಬ್ಬನ ಸಹಾಯದಿಂದ 1824ರಲ್ಲಿ ನಿಜಾಮರ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಹುಡುಗನು ದೇಶಭಾಷೆಗಳನ್ನು ಕಲಿತನು, ಕಾನೂನು ಕಲಿತನು, ಭೂಮಾಪನ ಕಲಿತನು. 1839ರಲ್ಲಿ ಅವನು ಠಕ್ಕರ ವಿಷಯವಾಗಿ ಬರೆದ ಕಾದಂಬರಿಯನ್ನು ಇಂಗ್ಲೆಂಡಿನಲ್ಲಿ ಮುಗಿಬಿದ್ದು ಓದಿದರು. ಆ ಬಳಿಕ ಅವನು ಸುರಪುರಕ್ಕೆ ಬಂದನು.

‘ಸುರಪುರ ಅಂದ್ರ ನಮ್ಮ ಸುರಪುರ ಏನ್ರಿ ಮಾವನೋರ?’ ಎಂದು ಸೊಸೆಯು ಕೇಳಿದಳು. ಅವಳ ತವರು ಶಹಾಪುರ. ಬಾಲ್ಯದಲ್ಲಿ ಹತ್ತಾರು ಸಲ ಸುರಪುರದ ಗುಡ್ಡ ಹತ್ತಿದವಳು. ಅಲ್ಲಿ ಟೇಲರ್ ಮಂಜಿಲ್ ಎಂಬ ಬಂಗಲೆಯಿರುವುದನ್ನು ಬಲ್ಲಳು. ಅದನ್ನು ಕಟ್ಟಿಸಿದವನು ತಾನು ಇಳಿದಿದ್ದ ಊರಿನವನೆಂಬುದು ಅವಳಿಗೆ ತಿಳಿದಿರಲಿಲ್ಲ. ಅವಳನ್ನು ದೂರುವಂತಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಸುರಪುರಕ್ಕೆ ನಾಲ್ಕು ಸಾಲು ಸಿಕ್ಕಿದರೆ ಹೆಚ್ಚು.

ಆಗ ಸುರಪುರದ ಬೇಡ ಅರಸುಮನೆತನದಲ್ಲಿ ರಾಜಾ ವೆಂಕಟಪ್ಪ ನಾಯಕನು ಎಳೆಯ ಬಾಲಕ. ಸಂಸ್ಥಾನವು ಸಾಲದಲ್ಲಿದ್ದಿತು, ಅರಮನೆಯೊಳಗೆ ಕಲಹ. ಕಂಪೆನಿ ಸರಕಾರದವರು ಟೇಲರನನ್ನು ಮೇಲ್ವಿಚಾರಣೆಗೆ ನೇಮಿಸಿದರು. 1853ರಲ್ಲಿ ರಾಜನು ಪ್ರಾಪ್ತವಯಸ್ಕನಾಗುವವರೆಗೆ ಅವನು ಅಲ್ಲಿದ್ದು ಲೆಕ್ಕಪತ್ರಗಳನ್ನು ಸರಿಪಡಿಸಿದನು, ಬಾಲಕನಿಗೆ ವಿದ್ಯೆ ಕಲಿಸುವ ವ್ಯವಸ್ಥೆ ಮಾಡಿದನು. ಬಿಡುವಿನ ವೇಳೆಯಲ್ಲಿ ಸುತ್ತಣ ಬಯಲುಗಳ ಬೃಹತ್ ಶಿಲಾಸಮಾಧಿಗಳನ್ನು ಅಳೆದು, ಅಗೆಸಿ, ಚಿತ್ರ ಬರೆದು ವಿದ್ವತ್ಸಭೆಗಳಿಗೆ ತಿಳಿಸಿದನು. ಲಬಕ್ ಮಹಾಶಯನ ಹುಚ್ಚು ಇವನಿಗೂ ಇದ್ದಿತೆಂದು ಹೇಳಬಹುದು. ಬಾಲಕ ರಾಜನು ತನ್ನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನೆಂದು ಟೇಲರನು ತನ್ನ ಆತ್ಮವೃತ್ತಾಂತದಲ್ಲಿ ಬರೆದುಕೊಂಡಿದ್ದಾನೆ.

1858ರಲ್ಲಿ ಆ ರಾಜನು ಆಂಗ್ಲರ ವಿರುದ್ಧ ದಂಗೆಯೆದ್ದನು. ಸುರಪುರ ಬಿದ್ದಿತು, ರಾಜನು ಹೈದರಾಬಾದಿನ ಕಡೆಗೆ ಹೋಗಿ ಸೆರೆಸಿಕ್ಕನು. ಟೇಲರನು ಸೆರೆಮನೆಗೆ ಹೋಗಿ ಅವನನ್ನು ಕಂಡನು. ಪ್ರೇರಿಸಿದವರ ಹೆಸರುಗಳನ್ನು ಹೇಳಿದರೆ ಶಿಕ್ಷೆ ಕಡಿಮೆಯಾದೀತೆಂದು ಹೇಳಿದುದೂ ಉಂಟು. ರಾಜನು ಒಂದು ಹೆಸರನ್ನೂ ಹೇಳಲಿಲ್ಲ. ಕಳ್ಳನಂತೆ ನೇಣಿಗೆ ಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಎಂಬುದಷ್ಟೇ ಅವನು ಬೇಡಿದುದು. ಮರಣದಂಡನೆಯನ್ನು ಇಳಿಸಿ ಇಳಿಸಿ ನಾಲ್ಕು ವರ್ಷದ ಸೆರೆಗೆ ತಂದರು. ಆದರೆ ಸೆರೆಗೆ ಒಯ್ಯುವ ದಾರಿಯಲ್ಲಿಯೇ ಪಿಸ್ತೂಲಿನ ಗುಂಡು ತಗುಲಿ ರಾಜನು ತೀರಿಹೋದನು. ತನ್ನ ಕೈಯಿಂದಲೇ ಹೊಡೆದುಕೊಂಡನೆಂದು ಟೇಲರನ ಬರಹ. ಆಗ ಅವನಿಗೆ ಇಪ್ಪತ್ತನಾಲ್ಕರ ಸುಮಾರು ವಯಸ್ಸು. 1860ರಲ್ಲಿ ಸುರಪುರವನ್ನು ನಿಜಾಮರಿಗೆ ಕೊಟ್ಟುಬಿಟ್ಟರು. ಟೇಲರನು ಆ ವರ್ಷವೇ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೋದನು. ಮುಪ್ಪಿನಲ್ಲಿ ಕಣ್ಣು ಮಂದವಾದರೂ ಹೈದರಾಬಾದನ್ನು ಇನ್ನೊಮ್ಮೆ ನೋಡಬೇಕೆಂದು 1875ರಲ್ಲಿ ಬಂದು, ಜ್ವರ ಹತ್ತಿಸಿಕೊಂಡು ಹಿಂದಿರುಗುವಾಗ, 1876ರಲ್ಲಿ ಫ್ರಾನ್ಸಿನ ಮೆಂಟನ್ನಿನಲ್ಲಿ ಕಾಲವಾದನು.

ಟೇಲರನನ್ನು ಕೇವಲ ಉಪಕಾರಿಯೆಂದು ಹೊಗಳುವ ಬರವಣಿಗೆ ನಮಗೆ ಸಮ್ಮತವಲ್ಲ. ಅವನು ಉಂಡದ್ದು ಆಳುವವರ ಉಪ್ಪನ್ನು. ಅಕ್ಕರೆಯಿಂದ ಬೆಳೆಸಿದ ಮಗುವಿನ ರಾಜ್ಯವನ್ನು ಅವನ ಕಡೆಯವರೇ ನುಂಗಿದರು. ಹಾಗೆಂದು ಆ ಅಕ್ಕರೆ ಸುಳ್ಳೆಂದು ಹೇಳುವುದಕ್ಕೂ ನಮ್ಮ ನಾಲಗೆ ಏಳುವುದಿಲ್ಲ.

ಕಥೆ ಮುಗಿದಾಗ ಹಡಗು ನದಿಯ ನಡುವಿನಲ್ಲಿದ್ದಿತು. ಮೊಮ್ಮಗಳು, ‘ಮುತ್ಯಾ, ಮತ್ತ ಟೇಲರ್ ಯಾ ಊರಾಂವ?’ ಎಂದು ಕೇಳಿದಳು. ನಾವು ಉತ್ತರವನ್ನು ಜೋಡಿಸುವುದರೊಳಗೆ ನಮ್ಮ ಮನೆಯವರು, ‘ಅದು ಇರಲಿ, ಹದಿನೈದು ವರ್ಷದ ಹುಡುಗನ್ನ ಅವರವ್ವ ಹ್ಯಾಂಗ ಕಳಿಸಿಕೊಟ್ಟಳು?’ ಎಂದರು. ಯಾರೂ ಮಾತನಾಡಲಿಲ್ಲ. ಮಗನು ಎದ್ದು ಹೋಗಿ ಕಟಾಂಜನದ ಹತ್ತಿರ ನಿಂತನು.

ಇಲ್ಲಿ ವಾಚಕರಿಗೆ ಒಂದು ಸಂಗತಿಯನ್ನು ತಿಳಿಸಬೇಕು. ಆ ಬೇಸಿಗೆಯಲ್ಲಿ ನಮ್ಮ ಮಗನ ಮೇಜಿನ ಮೇಲೆ ಒಂದು ಅರ್ಜಿಯ ನಮೂನೆಯಿದ್ದಿತು. ಮೊಮ್ಮಗಳು ಅಲ್ಲಿಯೇ ಹುಟ್ಟಿ ಹತ್ತು ವರ್ಷ ತುಂಬಿದವಳು. ಅರ್ಜಿ ಹಾಕಿದರೆ ಬ್ರಿಟಿಷ್ ಪೌರತ್ವಕ್ಕೆ ಬಾಧ್ಯಳು. ನಮ್ಮ ದೇಶದಲ್ಲಿ ಎರಡು ಪೌರತ್ವಗಳನ್ನು ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ‘ಸಾಗರೋತ್ತರ ಭಾರತೀಯ’ರೆಂಬ ಕಾರ್ಡು ದೊರೆಯುತ್ತದೆ, ಅದರಿಂದ ಬೇಕಾದಾಗ ಬಂದುಹೋಗಬಹುದು, ಆದರೆ ಮತ ಕೊಡುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ಸೊಸೆಗೆ ಮಗಳ ವಿದ್ಯಾಭ್ಯಾಸದ ದೃಷ್ಟಿಯಿಂದ ಅರ್ಜಿ ಹಾಕಬೇಕೆಂದಿದ್ದಿತು. ಮಗನಿಗೆ ಮನಸ್ಸು ಹೊಯ್ದಾಡುತ್ತಿದ್ದಿತು. ನಮ್ಮನ್ನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಕೇಳದೆ ಹೇಳುವ ಬುದ್ಧಿಮಾತಿಗೆ ಮೂವತ್ತು ವರ್ಷ ತರಗತಿಯಲ್ಲಿಯೇ ಬೇಕಾದಷ್ಟು ಅವಕಾಶವಿದ್ದಿತು.

ಪರಸ್ಥಳಕ್ಕೆ ದುಡಿಯಲು ಹೋಗುವುದು ನಮ್ಮ ಭಾಗದವರಿಗೆ ಹೊಸದಲ್ಲ. ಸುಗ್ಗಿ ಮುಗಿಯಿತೆಂದರೆ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳನ್ನು ನಾವು ಹಾಜರಿ ಪುಸ್ತಕದಲ್ಲಿಯೇ ಕಾಣುತ್ತಿದ್ದೆವು. ಯುಗಾದಿಯ ಹಿಂದು ಮುಂದು ಹೆಸರುಗಳ ಎದುರಿಗೆ ಗೈರುಹಾಜರಿಯ ಗುರುತು ಸಾಲುಸಾಲಾಗಿ ಬೀಳುತ್ತಿದ್ದಿತು. ಆ ಮಕ್ಕಳು ಪಟ್ಟಣವನ್ನು ಕಾಣುವುದು ಕಟ್ಟುತ್ತಿರುವ ಕಟ್ಟಡದ ಬುಡದಲ್ಲಿ, ತಗಡಿನ ಗುಡಿಸಲಿನಿಂದ. ಮರಳಿ ಬಂದ ಹುಡುಗನೊಬ್ಬನನ್ನು, ‘ಮುಂಬಯಿಯಲ್ಲಿ ಏನೇನು ನೋಡಿದೆಯೋ?’ ಎಂದು ನಾವೊಮ್ಮೆ ಕೇಳಿದ್ದೆವು. ‘ನಮ್ಮ ಬಿಲ್ಡಿಂಗ ನೋಡೀನಿ ಸರ್’ ಎಂದಿದ್ದನು. ಮೂರು ದಿನ ರಜೆ ಪಡೆದು, ಹೆಂಡತಿ ಮಕ್ಕಳೊಡನೆ ಊರು ನೋಡಲು ಹೊರಡುವ ಭಾಗ್ಯವನ್ನು ದುಂದೆಂದು ಹಳಿಯುವ ಮೊದಲು ನಮ್ಮ ವಾಚಕಿಯು ಆ ಹುಡುಗನನ್ನು ನೆನೆಯಬೇಕೆಂದು ನಮ್ಮ ವಿನಂತಿ.

ಇನ್ನೊಂದು ಮಾತು. ಊರಿಗೆ ಬರಲು ದುಡ್ಡಿಲ್ಲವೆನ್ನುವುದು ಎಲ್ಲ ಸಲವೂ ನೆಪವಾಗಿರುವುದಿಲ್ಲ. ಮೂವರ ವಿಮಾನದ ಬಾಡಿಗೆಯೆದುರಿಗೆ ಮೂರು ದಿನದ ಲಿವರ್‌ಪೂಲ್ ಬಹಳ ಅಗ್ಗ. ಮೂರು ದಿನದಲ್ಲಿ ಗುರುಮಠಕಲ್ಲಿಗೆ ಬಂದು ಹೋಗುವುದಂತೂ ಸಾಧ್ಯವೇ ಇಲ್ಲ. ನಮಗೆ ಅಸಮಾಧಾನವಿದ್ದುದು ಬೇರೆ ವಿಷಯದಲ್ಲಿ. ಮಗನ ಚರದೂರವಾಣಿಯಲ್ಲಿ ಹಿಂದಿನ ರಜೆಗಳ ಎಡಿನ್‌ಬರೋ, ಯಾರ್ಕ್, ಲಂಡನ್ ಪಟಗಳು ನೂರಾರು ಇದ್ದವು. ಎಲ್ಲದರಲ್ಲಿಯೂ ಮೂವರು ನಗುತ್ತಿದ್ದಾರೆ. ಹಿಂದೆ ಯಾವುದೋ ಕಟ್ಟಡವಿದೆ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಲ್ಯಾಂಬೆತ್ತಿನಲ್ಲಿ 2015ರ ನವೆಂಬರಿನಲ್ಲಿ ಬಸವೇಶ್ವರರ ಪ್ರತಿಮೆಯನ್ನು ಅನಾವರಣ ಮಾಡಿದ್ದಾರೆ. ಅದರ ಪಟವಿದೆಯೇ ಎಂದು ಕೇಳಿದೆವು. ಎದುರು ದಂಡೆಯ ಪಾರ್ಲಿಮೆಂಟ್ ಭವನದವು ಹನ್ನೊಂದು ಪಟಗಳಿದ್ದವು.

ಸೋಮವಾರ ಬೆಳಿಗ್ಗೆ ಮಂದಿರಕ್ಕೆ ಹೋದೆವು. ನಮ್ಮ ಮನೆಯವರ ಒಪ್ಪತ್ತು ಅಲ್ಲಿಯ ಹಣ್ಣಿನಿಂದಲೂ ಹಾಲಿನಿಂದಲೂ ಸುಖವಾಗಿ ಕಳೆಯಿತು. ಸಂಜೆಯ ಬಂಡಿಯಲ್ಲಿ ಮೊಮ್ಮಗಳು ಮ್ಯಾಂಚೆಸ್ಟರಿನವರೆಗೂ ರಾಜನ ವಿಷಯವಾಗಿಯೇ ಕೇಳುತ್ತ ಬಂದಳು. ಅವನ ಕುದುರೆಯ ಬಣ್ಣವಾವುದು, ಸೆರೆಮನೆಯಲ್ಲಿ ಕನ್ನಡ ಬಲ್ಲವರಿದ್ದರೆ, ಟೇಲರ್ ಅತ್ತನೆ ಎಂದು. ತಿಳಿಯದ ಶಬ್ದ ಬಂದಾಗ ತಾಯಿಯನ್ನು ಕೇಳುತ್ತಿದ್ದಳು. ತಾಯಿಯೂ ಮನೆಯಲ್ಲಿ ಆಂಗ್ಲ ಭಾಷೆಯಲ್ಲಿಯೇ ಉತ್ತರ ಕೊಡುತ್ತಿದ್ದವಳು ಅಂದು ಶಹಾಪುರದ ಕನ್ನಡದಲ್ಲಿ ಬಿಡಿಸಿ ಹೇಳಿದಳು.

ಅರ್ಜಿಯನ್ನು ಆ ಚಳಿಗಾಲದಲ್ಲಿ ಕಳುಹಿಸಿದರು. 2025ರ ಜುಲೈ ಕೊನೆಯಲ್ಲಿ, ಆಷಾಢ ಕಳೆದು ಶ್ರಾವಣ ಹಿಡ್ದಾಗ, ಮೂವರೂ ಊರಿಗೆ ಬಂದರು. ಮೊಮ್ಮಗಳ ಕೈಯಲ್ಲಿ ಹೊಸ ರಹದಾರಿಯಿದ್ದಿತು. ಬಂದ ಮೂರನೆಯ ದಿನವೇ ಸುರಪುರಕ್ಕೆ ಹೋಗಬೇಕೆಂದು ಹಠ. ಯಾದಗಿರಿಯನ್ನು ಹಾದು, ಭೀಮೆಯ ಸೇತುವೆ ದಾಟಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ತೋರಿಸುತ್ತ ಕರೆದೊಯ್ದೆವು. ಟೇಲರ್ ಮಂಜಿಲಿನ ಜಗುಲಿಯಲ್ಲಿ ಅವಳು ಬಹಳ ಹೊತ್ತು ನಿಲ್ಲಲಿಲ್ಲ. ಅಲ್ಲಿದ್ದ ಕಾವಲುಗಾರನ ಹತ್ತಿರ ಹೋಗಿ, ‘ಅಣ್ಣಾ, ರಾಜಾನ ಅರಮನಿ ಎಲ್ಲದ?’ ಎಂದು ಕೇಳಿದಳು. ಆತನು ಕೈ ಚಾಚಿ, ‘ಅಲ್ಲಿ ಕೆಳಗ ಅದ ನೋಡವ್ವ’ ಎಂದನು. ಅವಳು ಮುಂದೆ ಇಳಿದಳು. ನಾವು ಮೊಣಕಾಲು ಹಿಡಿದುಕೊಂಡು ಹಿಂದಿನಿಂದ ಮೆಲ್ಲಗೆ ಇಳಿದೆವು.